ಜಗಲಿ, ಅಡಿಕೆ ತೋಟ, ಏರುಬೀದಿ: ಒನ್ ಪಾಯಿಂಟ್ ಪರ್ಸ್‌ಪೆಕ್ಟಿವ್, ಅಳತೆ ಸಮೇತ

ರೈಲು ಹಳಿಯ ಎರಡು ಗೆರೆ ಎಳೆದು, ಮೇಲೊಂದು ಚುಕ್ಕಿಗೆ ಸೇರಿಸುವುದನ್ನು ಶಾಲೆಯಲ್ಲಿ ಎಲ್ಲರೂ ಮಾಡಿರುತ್ತಾರೆ. ಅಲ್ಲಿಗೆ ಪರ್ಸ್‌ಪೆಕ್ಟಿವ್, ಅಂದರೆ ಚಪ್ಪಟೆ ಕಾಗದದಲ್ಲಿ ದೂರ, ಆಳ ಕಾಣಿಸುವ ವಿದ್ಯೆ, ಬಂತು ಅಂತಲೂ ಅಂದುಕೊಂಡಿರುತ್ತಾರೆ. ಹಳಿಯ ನಡುವೆ ಸ್ಲೀಪರ್ ಹಾಕಲು ಹೊರಟಾಗ ತೊಡಕು ಶುರು. ಒಂದರಿಂದ ಇನ್ನೊಂದಕ್ಕೆ ಎಷ್ಟು ಜಾಗ ಬಿಡಬೇಕು? ಅಂದಾಜಿನಲ್ಲಿ ಬಿಟ್ಟರೆ ಹಳಿ ನೆಲದಲ್ಲಿ ಮಲಗುವುದಿಲ್ಲ, ಗೋಡೆಗೆ ಒರಗಿಸಿದ ಏಣಿಯಂತೆ ಎದ್ದು ನಿಲ್ಲುತ್ತದೆ. ಗೆರೆಗಳನ್ನು ಒಂದೆಡೆ ಸೇರಿಸುವುದು ಈ ವಿದ್ಯೆಯ ಸುಲಭದ ಅರ್ಧ. ಇನ್ನರ್ಧ ದೂರದ ಲೆಕ್ಕ. ಅದಕ್ಕೆ ಎರಡೇ ವಿಷಯ ಗೊತ್ತಿದ್ದರೆ ಸಾಕು: ನಿಮ್ಮ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆ, ನೀವು ಎಷ್ಟು ದೂರದಲ್ಲಿ ನಿಂತಿದ್ದೀರಿ.

ಬೇಕಾದ ಸಾಮಾನು

ಎ3 ಡ್ರಾಯಿಂಗ್ ಶೀಟ್ ಒಂದು, ಅಂದರೆ 42 ಸೆಂ.ಮೀ. ಅಗಲ, 29.7 ಸೆಂ.ಮೀ. ಎತ್ತರ, ಅಡ್ಡಕ್ಕೆ ಇಟ್ಟುಕೊಳ್ಳಿ. ರಚನೆಯ ಗೆರೆಗೆ 2ಎಚ್, ಕೊನೆಯ ಗೆರೆಗೆ ಎಚ್‌ಬಿ, ನೆರಳಿಗೆ 2ಬಿ ಪೆನ್ಸಿಲ್. ಕನಿಷ್ಠ 45 ಸೆಂ.ಮೀ. ಉದ್ದದ ಸ್ಕೇಲ್. ಕಂಪಾಸ್ ಬಾಕ್ಸಿನ 15 ಸೆಂ.ಮೀ. ಪಟ್ಟಿಯಿಂದ ಉದ್ದ ಗೆರೆಯನ್ನು ಮೂರು ತುಂಡಾಗಿ ಎಳೆದರೆ ಅದು ಖಂಡಿತ ಎಲ್ಲೋ ಒಂದು ಕಡೆ ಸೊಟ್ಟಗಾಗುತ್ತದೆ. ಒಂದು ಮೂಲೆಮಟ್ಟ, ರಬ್ಬರ್, ಮಾಸ್ಕಿಂಗ್ ಟೇಪ್, ಗುಂಡುಸೂಜಿ, ಒಂದು ಮಾರು ಹೊಲಿಗೆ ನೂಲು.

ಮಳೆಗಾಲಕ್ಕೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲಿ ಕಾಗದ ಹಸಿ ಹಪ್ಪಳದಂತಾಗುತ್ತದೆ. 2ಎಚ್ ಪೆನ್ಸಿಲ್ ಒತ್ತಿದರೆ ಗೀರು ಬೀಳುತ್ತದೆ, ಆ ಗೀರು ರಬ್ಬರಿಗೂ ಹೋಗುವುದಿಲ್ಲ. ಉಜ್ಜಿದರೆ ಮೇಲ್ಮೈ ಎದ್ದು ಬರುತ್ತದೆ. ಶೀಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ಬರೆಯುವ ಮೊದಲು ಅರ್ಧ ಗಂಟೆ ಫ್ಯಾನ್ ಅಡಿಯಲ್ಲಿ ಹರವಿ, ಆ ನಾಲ್ಕು ತಿಂಗಳು 2ಎಚ್ ಬದಲು ಎಚ್‌ಬಿಯನ್ನೇ ಹಗುರವಾಗಿ ಹಿಡಿಯಿರಿ. ಟೇಪನ್ನು ರಾತ್ರಿಯಿಡೀ ಬಿಡಬೇಡಿ, ಕೀಳುವಾಗ ಕಾಗದದ ಸಿಪ್ಪೆಯೂ ಜೊತೆಗೆ ಬರುತ್ತದೆ.

ಮೊದಲು ಕಣ್ಣಿನ ಮಟ್ಟ

ಈ ಪಾಠಕ್ಕೆ ಮಲ್ಪೆ, ಪಣಂಬೂರಿಗಿಂತ ಒಳ್ಳೆಯ ಶಾಲೆ ಇಲ್ಲ. ಕಡಲಿಗೆ ಮುಖಮಾಡಿ ನಿಂತು ಸ್ಕೇಲನ್ನು ಅಡ್ಡಲಾಗಿ ಕಣ್ಣಿನೆದುರು ಹಿಡಿಯಿರಿ. ನೀರು, ಆಕಾಶ ಸೇರುವ ಗೆರೆ ಸ್ಕೇಲಿನ ಅಂಚಿಗೆ ಸರಿಯಾಗಿ ಕೂರುತ್ತದೆ. ಈಗ ಮರಳಿನಲ್ಲಿ ಕುಳಿತುಕೊಂಡು ಮತ್ತೆ ಹಿಡಿಯಿರಿ. ಗೆರೆ ನಿಮ್ಮ ಜೊತೆಗೇ ಇಳಿದಿರುತ್ತದೆ. ನಿಂತಾಗ ಎದುರಿನ ದೋಣಿಯ ಅಂಚಿನಿಂದಾಚೆ ಕಾಣುತ್ತಿದ್ದ ಗೆರೆ, ಕುಳಿತಾಗ ದೋಣಿಯ ಹಿಂದೆ ಅಡಗುತ್ತದೆ. ದಿಗಂತರೇಖೆ ಅಂದರೆ ಇಷ್ಟೇ: ನಿಮ್ಮ ಕಣ್ಣಿನ ಎತ್ತರ.

ಊರೊಳಗೆ ಕಡಲು ಕಾಣುವುದಿಲ್ಲ. ಗುಡ್ಡದ ತಲೆ, ತೆಂಗಿನ ತುದಿ, ಎದುರು ಕಟ್ಟಡದ ಮಾಡು ಇವನ್ನೇ ದಿಗಂತ ಅಂದುಕೊಂಡು ಗೆರೆ ಎಳೆಯುವವರು ಬಹಳ. ಅದು ತಪ್ಪು. ಪಾರದರ್ಶಕ ನೀರಿನ ಬಾಟಲಿ ಅರ್ಧ ತುಂಬಿಸಿ ಮುಖದೆದುರು ಹಿಡಿಯಿರಿ. ನೀರಿನ ಮೇಲ್ಮೈ ತಟ್ಟೆಯಂತೆ ಕಂಡರೆ ಬಾಟಲಿ ಕೆಳಗಿದೆ, ಏರಿಸುತ್ತಾ ಹೋಗಿ. ತಟ್ಟೆ ಚಪ್ಪಟೆಯಾಗಿ ಒಂದೇ ಗೆರೆಯಾದ ಕ್ಷಣ ಆ ಗೆರೆಯ ನೇರಕ್ಕೆ ಎದುರಿನ ಗೋಡೆಯಲ್ಲಿ, ಕಿಟಕಿಯಲ್ಲಿ ಏನಿದೆ ನೋಡಿಕೊಳ್ಳಿ. ಅದೇ ನಿಮ್ಮ ದಿಗಂತ.

ನಿಮ್ಮಿಂದ ನೇರ ದೂರಕ್ಕೆ ಹೋಗುವ ಸಮಾನಾಂತರ ಗೆರೆಗಳೆಲ್ಲ ಈ ದಿಗಂತದ ಮೇಲೆ ಒಂದೇ ಬಿಂದುವಿಗೆ ಸೇರುತ್ತವೆ. ಅದು ವ್ಯಾನಿಶಿಂಗ್ ಪಾಯಿಂಟ್. ಕನ್ನಡದಲ್ಲಿ ಬೇಕಿದ್ದರೆ ಲಯಬಿಂದು ಎನ್ನಿ. ಇಲ್ಲಿ ವಿಪಿ ಅನ್ನೋಣ. ನೆನಪಿಡಬೇಕಾದ್ದು, ವಿಪಿ ಇರುವುದು ನಿಮ್ಮ ಕಣ್ಣಿಗೆ ನೇರ ಎದುರು. ಜಗಲಿಯ ಎಡಗೋಡೆಗೆ ಒತ್ತಿ ನಿಂತರೆ ವಿಪಿಯೂ ಎಡಕ್ಕೆ ಸರಿಯುತ್ತದೆ. ಯಾವಾಗಲೂ ಕಾಗದದ ನಡುಮಧ್ಯೆ ಚುಕ್ಕಿ ಇಡುವುದು ಅಭ್ಯಾಸವಾಗಿಬಿಟ್ಟರೆ ಚಿತ್ರಗಳೆಲ್ಲ ಒಂದೇ ಅಚ್ಚಿನವಾಗುತ್ತವೆ.

ಎದುರಿನ ಗೋಡೆ ನಿಮಗೆ ನೇರವಾಗಿ ಮುಖ ಮಾಡಿದ್ದರೆ ಮಾತ್ರ ಇದು ಒನ್ ಪಾಯಿಂಟ್, ಅಂದರೆ ಒಂದೇ ವಿಪಿಯ ಚಿತ್ರ. ಉಡುಪಿಯ ರಥಬೀದಿಯಲ್ಲಿ ಒಂದು ಬದಿಯ ಉದ್ದಕ್ಕೂ ನೇರ ನೋಡಿದರೆ ಒನ್ ಪಾಯಿಂಟ್; ಬೀದಿ ತಿರುಗುವ ಮೂಲೆಯಲ್ಲಿ ನಿಂತು ಕಟ್ಟಡದ ಮೂಲೆಯನ್ನು ನೋಡಿದರೆ ಅದು ಎರಡು ವಿಪಿಯ ಟೂ ಪಾಯಿಂಟ್, ಅದರ ಕ್ರಮವೇ ಬೇರೆ.

ಜಗಲಿಯ ಚಿತ್ರ: ಒಂದೊಂದೇ ಗೆರೆ

8 ಅಡಿ ಅಗಲ, 10 ಅಡಿ ಎತ್ತರ, 16 ಅಡಿ ಉದ್ದದ ಜಗಲಿಯೊಂದನ್ನು ಬರೆಯೋಣ. ನೆಲಕ್ಕೆ 2 ಅಡಿಯ ಚೌಕ ಟೈಲ್ಸ್. ಎಡಕ್ಕೆ ಗೋಡೆ, ಬಲಕ್ಕೆ ಅಂಗಳಕ್ಕೆ ತೆರೆದ ಕಂಬಗಳ ಸಾಲು. ಕಣ್ಣಿನ ಎತ್ತರ 5 ಅಡಿ. ಜಗಲಿಯ ಬಾಯಿಯಿಂದ, ಅಂದರೆ ನಿಮ್ಮ ಕಡೆಯ ತುದಿಯಿಂದ, 12 ಅಡಿ ಹಿಂದೆ ಹೊರಗೆ, ಎಡಗೋಡೆಯಿಂದ 3 ಅಡಿ ಬಲಕ್ಕೆ ನಿಂತಿದ್ದೀರಿ. ಅಳತೆ: 1 ಅಡಿಗೆ 2 ಸೆಂ.ಮೀ.

1. ಶೀಟಿನ ಕೆಳ ಅಂಚಿನಿಂದ 4 ಸೆಂ.ಮೀ. ಮೇಲೆ, ಎಡ ಅಂಚಿನಿಂದ 10 ಸೆಂ.ಮೀ. ಬಿಟ್ಟು 16 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಆಯತ ಹಾಕಿ. ಇದು ಜಗಲಿಯ ಬಾಯಿ. ಅಸಲಿ ಅಳತೆ ಸಿಗುವುದು ಈ ಚೌಕಟ್ಟಿನಲ್ಲಿ ಮಾತ್ರ, ಒಳಗೆ ಹೋದಂತೆ ಎಲ್ಲ ಕುಗ್ಗುತ್ತದೆ.

2. ಆಯತದ ತಳದಿಂದ 10 ಸೆಂ.ಮೀ. ಮೇಲೆ ಶೀಟಿನ ಪೂರ್ತಿ ಅಗಲಕ್ಕೆ ಅಡ್ಡ ಗೆರೆ ಎಳೆಯಿರಿ. ಇದು ದಿಗಂತ.

3. ಆಯತದ ಎಡ ಅಂಚಿನಿಂದ 6 ಸೆಂ.ಮೀ. ಬಲಕ್ಕೆ ದಿಗಂತದ ಮೇಲೆ ವಿಪಿ ಗುರುತಿಸಿ. ಗುಂಡುಸೂಜಿ ಚುಚ್ಚಿ ನೂಲು ಕಟ್ಟಿ. ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ ಯಾವ ಗೆರೆ ಎಲ್ಲಿ ಹೋಗುತ್ತದೆಂದು ಬರೆಯುವ ಮೊದಲೇ ಗೊತ್ತಾಗುತ್ತದೆ.

4. ವಿಪಿಯಿಂದ ಬಲಕ್ಕೆ 24 ಸೆಂ.ಮೀ. ಅಳೆದು ದಿಗಂತದ ಮೇಲೆ ಇನ್ನೊಂದು ಚುಕ್ಕಿ. ನೀವು ನಿಂತ 12 ಅಡಿ ದೂರವೇ ಈ 24 ಸೆಂ.ಮೀ. ಇದರ ಹೆಸರು ಡಿಸ್ಟೆನ್ಸ್ ಪಾಯಿಂಟ್, ಡಿಪಿ. ವಾಟ್ಸಾಪ್ ಡಿಪಿಗೂ ಇದಕ್ಕೂ ಸಂಬಂಧವಿಲ್ಲ.

5. ಆಯತದ ನಾಲ್ಕು ಮೂಲೆಗಳಿಂದ ವಿಪಿಗೆ ಹಗುರ ಗೆರೆ ಎಳೆಯಿರಿ. ನೆಲ, ಮುಚ್ಚಿಗೆ, ಎರಡು ಬದಿ ಸಿಕ್ಕಿದವು.

6. ತಳದ ಗೆರೆಯಲ್ಲಿ 4 ಸೆಂ.ಮೀ.ಗೊಂದರಂತೆ ಗುರುತು ಹಾಕಿ, ಅವುಗಳನ್ನೂ ವಿಪಿಗೆ ಸೇರಿಸಿ. ಟೈಲ್ಸಿನ ಉದ್ದ ಗೆರೆಗಳಾದವು.

7. ತಳದ ಎಡಮೂಲೆಯಿಂದ ಡಿಪಿಗೆ ಒಂದು ಓರೆ ಗೆರೆ. ಅದು ಉದ್ದ ಗೆರೆಗಳನ್ನು ಕತ್ತರಿಸಿದ ಪ್ರತಿ ಜಾಗದಲ್ಲೂ ಅಡ್ಡ ಗೆರೆ ಎಳೆಯಿರಿ. ಟೈಲ್ಸಿನ ನಾಲ್ಕು ಸಾಲು, ಒಟ್ಟು 8 ಅಡಿ ಆಳ ಬಂತು.

8. ಎಂಟನೇ ಅಡಿಯ ಅಡ್ಡ ಗೆರೆಯ ಎಡತುದಿಯಿಂದ ಮತ್ತೆ ಡಿಪಿಗೆ ಓರೆ ಗೆರೆ ಎಳೆದು ಅದನ್ನೇ ಮಾಡಿದರೆ ಇನ್ನೂ ನಾಲ್ಕು ಸಾಲು. 16 ಅಡಿ ಮುಗಿಯಿತು. ಅಲ್ಲಿ ಹಿಂಗೋಡೆ ನಿಲ್ಲಿಸಿ.

ಓರೆ ಗೆರೆ ಕೆಲಸ ಮಾಡುವುದು ಹೀಗೆ. ಟೈಲ್ ಚೌಕವಾದ್ದರಿಂದ ಅದರ ಕರ್ಣ 45 ಡಿಗ್ರಿಯಲ್ಲಿ ಹೋಗುತ್ತದೆ. 45 ಡಿಗ್ರಿಯಲ್ಲಿ ಬಲಕ್ಕೆ ಹೋಗುವ ಗೆರೆಗಳೆಲ್ಲ ದಿಗಂತದಲ್ಲಿ ಸೇರುವ ಜಾಗ ಡಿಪಿ. ಅಂದರೆ ನೀವು ಚೌಕಗಳ ಕರ್ಣವನ್ನೇ ಎಳೆದಿರಿ, ಚೌಕಗಳು ತಾವಾಗಿ ಬಂದವು.

ಈಗ ಸ್ಕೇಲ್ ಹಿಡಿದು ತಾಳೆ ನೋಡಿ. ಮೊದಲ ಸಾಲು 1.4 ಸೆಂ.ಮೀ. ಎತ್ತರ ಇರಬೇಕು, ಎರಡನೆಯದು 1.1, ಮೂರನೆಯದು 0.8, ನಾಲ್ಕನೆಯದು 0.7ರ ಆಸುಪಾಸು. 12 ಅಡಿ ಆಳದ ಗೆರೆ ತಳಕ್ಕೂ ದಿಗಂತಕ್ಕೂ ಸರಿಯಾಗಿ ಮಧ್ಯೆ, 5 ಸೆಂ.ಮೀ.ನಲ್ಲಿ ಬೀಳಬೇಕು. ನೀವು ಚೌಕಟ್ಟಿನಿಂದ ಎಷ್ಟು ಹಿಂದೆ ನಿಂತಿದ್ದೀರೋ ಚೌಕಟ್ಟಿನಿಂದ ಅಷ್ಟೇ ಒಳಗೆ ಹೋದಾಗ ಎಲ್ಲವೂ ಅರ್ಧವಾಗುತ್ತದೆ. ಈ ಒಂದು ಲೆಕ್ಕ ಬಾಯಿಪಾಠವಾದರೆ ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಹಿಂಗೋಡೆ 6.9 ಸೆಂ.ಮೀ. ಅಗಲ, 8.6 ಸೆಂ.ಮೀ. ಎತ್ತರ ಬರಬೇಕು. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಓರೆ ಗೆರೆ ಎಳೆಯುವಾಗ ಸ್ಕೇಲ್ ಜಾರಿದೆ.

12 ಅಡಿ ಹಿಂದೆಯೇ ಯಾಕೆ ನಿಲ್ಲಬೇಕು? 6 ಅಡಿಯಲ್ಲಿ ನಿಂತರೆ, ಅಂದರೆ ಡಿಪಿಯನ್ನು ವಿಪಿಯಿಂದ 12 ಸೆಂ.ಮೀ.ಗೆ ತಂದರೆ, ಮೂಲೆಯ ಟೈಲ್ಸ್ ಎಳೆದು ಚಾಚಿದಂತೆ ಕಾಣುತ್ತವೆ. ಚಿತ್ರ ಕಣ್ಣಿಗೆ ಸಹಜ ಅನಿಸುವುದು ನೋಟ ಸುಮಾರು 60 ಡಿಗ್ರಿಯೊಳಗೆ ಇರುವವರೆಗೆ. ನಮ್ಮ ಅಳತೆಯಲ್ಲಿ ವಿಪಿಯಿಂದ ಅತಿ ದೂರದ ಮೂಲೆ 14 ಸೆಂ.ಮೀ.ನಷ್ಟಿದೆ, ಡಿಪಿ 24ರಲ್ಲಿದೆ. ಸುಲಭದ ಲೆಕ್ಕ ಬೇಕಿದ್ದರೆ, ಅತಿ ದೂರದ ಮೂಲೆಯ 1.7 ಪಟ್ಟಿಗಿಂತ ಡಿಪಿ ಹತ್ತಿರ ಬರಬಾರದು.

ಕಂಬ, ಕಿಟಕಿ, ಬಾಗಿಲು

ನೆಲದ ಜಾಲ ಸಿಕ್ಕಿದ ಮೇಲೆ ಮಿಕ್ಕಿದ್ದೆಲ್ಲ ಅದರಿಂದಲೇ ಏಳುತ್ತದೆ. 4 ಅಡಿಗೊಂದು ಕಂಬ ಬೇಕಾದರೆ 2, 4, 6, 8ನೇ ಸಾಲಿನ ಗೆರೆ ಬಲ ಅಂಚನ್ನು ಮುಟ್ಟುವಲ್ಲಿ ಮೂಲೆಮಟ್ಟ ಇಟ್ಟು ನೆಟ್ಟಗೆ ಮೇಲೆ ಎಳೆಯಿರಿ. ಕಂಬದ ಎದುರು ಮುಖ ಅರ್ಧ ಅಡಿ ಅಗಲ ಅಂದುಕೊಂಡರೆ ಬಾಯಿಯಲ್ಲಿ ಅದು 1 ಸೆಂ.ಮೀ.; ಈ ನಾಲ್ಕು ಕಡೆ ಕ್ರಮವಾಗಿ 7.5, 6, 5, 4.3 ಮಿ.ಮೀ. ಕಂಬಗಳ ದಪ್ಪವನ್ನು ಒಂದೇ ಇಟ್ಟು ಎತ್ತರ ಮಾತ್ರ ಕುಗ್ಗಿಸುವುದು ಬಹಳ ಸಾಮಾನ್ಯವಾದ ತಪ್ಪು. ಹಿಂದಿನ ಕಂಬ ಹತ್ತಿರ ನಿಂತ ಗಿಡ್ಡ ಕಂಬದಂತೆ ಕಾಣುತ್ತದೆ.

ಎಡಗೋಡೆಯ ಕಿಟಕಿಗೆ ಎತ್ತರವನ್ನು ಆಯತದ ಎಡ ಅಂಚಿನಲ್ಲಿ ಅಳೆಯಿರಿ: ತಳ 3 ಅಡಿಗೆ 6 ಸೆಂ.ಮೀ., ಮೇಲ್ತುದಿ 7 ಅಡಿಗೆ 14 ಸೆಂ.ಮೀ. ಎರಡನ್ನೂ ವಿಪಿಗೆ ಸೇರಿಸಿ. ಕಿಟಕಿ 4 ಅಡಿಯಿಂದ 6 ಅಡಿ ಆಳದಲ್ಲಿದ್ದರೆ 2 ಮತ್ತು 3ನೇ ಸಾಲಿನಿಂದ ನೆಟ್ಟಗೆರೆ ಎಬ್ಬಿಸಿ. ನಾಲ್ಕು ಗೆರೆ ಕೂಡಿದ ಜಾಗವೇ ಕಿಟಕಿ. ಕಿಟಕಿಯೊಳಗಿನ ಗೋಡೆ ದಪ್ಪ ತೋರಿಸಲು ಮರೆಯಬೇಡಿ, ಮುರಕಲ್ಲಿನ ಗೋಡೆ ಕಾಗದದಷ್ಟು ತೆಳ್ಳಗೆ ಇರುವುದಿಲ್ಲ. ಆ ದಪ್ಪದ ಅಂಚುಗಳು ವಿಪಿಗೆ ಹೋಗುವುದಿಲ್ಲ, ದಿಗಂತಕ್ಕೆ ಸಮಾನಾಂತರವಾಗಿ ಅಡ್ಡಕ್ಕೇ ಇರುತ್ತವೆ.

ಹಿಂಗೋಡೆಯಲ್ಲಿ 3 ಅಡಿ ಅಗಲ, 7 ಅಡಿ ಎತ್ತರದ ಬಾಗಿಲು 2.6 ಸೆಂ.ಮೀ.ಗೆ 6 ಸೆಂ.ಮೀ. ಆಗುತ್ತದೆ. ದಿಗಂತ ಅದರ ಏಳರಲ್ಲಿ ಐದನೇ ಭಾಗದಲ್ಲಿ ಹಾಯಬೇಕು. ಮುಚ್ಚಿಗೆಯ ಅಡ್ಡ ಮರಗಳಿಗೆ ಹೊಸ ಲೆಕ್ಕ ಬೇಡ. ನೆಲದ ಸಾಲುಗಳನ್ನು ಎರಡೂ ಬದಿಯಿಂದ ಮೇಲೆತ್ತಿ ಜೋಡಿಸಿದರಾಯಿತು.

ಉರುಟು ಕಂಬವಾದರೆ ಒಂದು ಸೂಕ್ಷ್ಮವಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದವರು ಕಂಬಗಳ ಕಡೆತದ ಬಳೆಗಳನ್ನು ಗಮನಿಸಿ. ಕಣ್ಣಿಗಿಂತ ಕೆಳಗಿನ ಬಳೆ ನಡುವೆ ಕೆಳಕ್ಕೆ ಜೋತ ಹಾಗೆ, ಮೇಲಿನದು ಕಮಾನಿನ ಹಾಗೆ, ಕಣ್ಣಿನ ಮಟ್ಟದ್ದು ನೇರ ಗೆರೆ. ಮಟ್ಟದಿಂದ ದೂರ ಹೋದಷ್ಟೂ ಬಾಗು ಹೆಚ್ಚು. ಎಲ್ಲ ಬಳೆಗೂ ಒಂದೇ ಬಾಗು ಕೊಟ್ಟರೆ ಕಂಬ ಬಗ್ಗಿದಂತೆ ಕಾಣುತ್ತದೆ. ಆ ಬಸದಿ ಎದ್ದದ್ದು 1430ರಲ್ಲಿ. ಇಟಲಿಯಲ್ಲಿ ಆಲ್ಬರ್ಟಿ ಪರ್ಸ್‌ಪೆಕ್ಟಿವ್‌ನ ಲೆಕ್ಕವನ್ನು ಮೊದಲ ಬಾರಿ ಪುಸ್ತಕಕ್ಕಿಳಿಸಿದ್ದು 1435ರಲ್ಲಿ. ಅದೇ ಇಟಲಿಯಿಂದ ಬಂದ ಜೆಸ್ವಿಟ್ ಕಲಾವಿದ ಅಂತೋನಿಯೊ ಮೊಸ್ಕೆನಿ ಬಣ್ಣ ಬಳಿದ ಸಂತ ಅಲೋಶಿಯಸ್ ಚಾಪೆಲ್ ಮಂಗಳೂರಿನಲ್ಲೇ ಇದೆ. ನಡುದಾರಿಯ ಬಾಗಿಲ ಬಳಿ ನಿಂತು ನೋಡಿದರೆ ಎರಡೂ ಬದಿಯ ಗೆರೆಗಳು ಬಲಿಪೀಠದ ಕಡೆಗೆ ಓಡುವುದು ಸ್ಪಷ್ಟವಾಗಿ ಕಾಣುತ್ತದೆ. ಹಾಗಂತ ಇದೊಂದೇ ಸರಿಯಾದ ನೋಟವೇನಲ್ಲ. ನಮ್ಮ ದೇವಸ್ಥಾನದ ಗೋಡೆಗಳ ಕಾವಿ ಕಲೆಗೆ ವಿಪಿಯೂ ಇಲ್ಲ, ಅದರ ಕೊರತೆಯೂ ಇಲ್ಲ.

ಜನರನ್ನು ನಿಲ್ಲಿಸುವುದು

ನೆಲ ಸಮತಟ್ಟಾಗಿದ್ದು, ನೀವು ನಿಂತು ನೋಡುತ್ತಿದ್ದರೆ, ನಿಮ್ಮಷ್ಟೇ ಎತ್ತರದವರ ಕಣ್ಣು ಹತ್ತಿರವಿರಲಿ ದೂರವಿರಲಿ ದಿಗಂತದ ಮೇಲೇ ಇರುತ್ತದೆ. ಪಾದ ಮಾತ್ರ ಮೇಲೆ ಕೆಳಗೆ ಆಗುತ್ತದೆ. 3 ಅಡಿಯ ಮಗುವಿಗೆ ಪಾದದಿಂದ ದಿಗಂತದವರೆಗಿನ ಎತ್ತರದ ಐದರಲ್ಲಿ ಮೂರು ಭಾಗ. ಯಕ್ಷಗಾನದ ವೇಷ ನಿಲ್ಲಿಸಿದರೆ ಕಣ್ಣು ಗೆರೆಯ ಮೇಲೆ, ಕಿರೀಟ ಅದರಿಂದಾಚೆ. ದೂರದವರನ್ನು ಚಿಕ್ಕದಾಗಿ ಬರೆದು ತಲೆಯನ್ನು ದಿಗಂತಕ್ಕಿಂತ ಕೆಳಗೆ ಇಟ್ಟರೆ ಅವರು ಹೊಂಡದಲ್ಲಿ ನಡೆಯುತ್ತಿರುವಂತೆ ಕಾಣುತ್ತದೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಬರೆಯುವಾಗ ದಿಗಂತ ಸುಮಾರು ಎರಡೂವರೆ ಅಡಿಗೆ ಇಳಿಯುತ್ತದೆ, ಆಗ ಅದು ನಿಂತವರ ಸೊಂಟದ ಕೆಳಗೆ ಹಾಯುತ್ತದೆ.

ಅಡಿಕೆ ತೋಟದ ಸಾಲು

ಅಡಿಕೆ ಸಸಿ ನೆಡುವ ಅಂತರ ಸಾಮಾನ್ಯವಾಗಿ 9 ಅಡಿಗೆ 9 ಅಡಿ. ಸಮಾನ ಅಂತರದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ವಿಷಯವಿಲ್ಲ. ಹಿಂದಿನ ಅಳತೆಯನ್ನೇ ಇಟ್ಟುಕೊಂಡು, ಮೊದಲ ಮರ ಚೌಕಟ್ಟಿನಲ್ಲೇ ಇದೆ ಅಂದುಕೊಳ್ಳಿ. ಬುಡದಿಂದ ದಿಗಂತಕ್ಕೆ 10 ಸೆಂ.ಮೀ. ಎರಡನೇ ಮರಕ್ಕೆ 5.7, ಮೂರನೆಯದಕ್ಕೆ 4, ನಾಲ್ಕನೆಯದಕ್ಕೆ 3.1, ಐದನೆಯದಕ್ಕೆ 2.5. ಮೊದಲೆರಡರ ನಡುವೆ 4.3 ಸೆಂ.ಮೀ. ಏರಿದ ನೆಲ, ಕೊನೆಯೆರಡರ ನಡುವೆ ಬರೀ 6 ಮಿ.ಮೀ. ಏರುತ್ತದೆ. ಇಷ್ಟು ಬೇಗ ಕುಗ್ಗುತ್ತದೆಂದು ಯಾರ ಕೈಯೂ ತಾನಾಗಿ ನಂಬುವುದಿಲ್ಲ. ದೂರದ ಮರಗಳ ನಡುವೆ ಜಾಗ ಹೆಚ್ಚು ಬಿಡುವುದು ಅದಕ್ಕೇ.

ಲೆಕ್ಕ ಬೇಡವೆಂದರೆ ಕರ್ಣದ ಉಪಾಯವಿದೆ. ಮರದ ತುದಿ ಕಾಗದದಾಚೆ ಹೋಗುತ್ತದಾದ್ದರಿಂದ ಪ್ರತಿ ಕಾಂಡದಲ್ಲೂ 10 ಅಡಿ ಎತ್ತರದ ಒಂದು ಗುರುತು ಇಟ್ಟುಕೊಳ್ಳಿ. ಮೊದಲ ಮರದ ಬುಡ, ಅದರ ಗುರುತು, ಇವೆರಡರ ನಡು, ಈ ಮೂರರಿಂದಲೂ ವಿಪಿಗೆ ಗೆರೆ. ಎರಡನೇ ಮರ ನಿಲ್ಲಿಸಿ. ಈಗ ಮೊದಲ ಮರದ ಮೇಲಿನ ಗುರುತಿನಿಂದ ಎರಡನೇ ಮರದ ನಡುವಿನ ಮೂಲಕ ಗೆರೆ ಎಳೆದರೆ ಅದು ನೆಲದ ಗೆರೆಯನ್ನು ಮುಟ್ಟುವ ಜಾಗವೇ ಮೂರನೇ ಮರದ ಬುಡ. ಎರಡನೆಯದರಿಂದ ನಾಲ್ಕನೆಯದು, ಹೀಗೇ ಮುಂದಕ್ಕೆ. ದೀಪದ ಕಂಬ, ಬೇಲಿ ಗೂಟ, ಸೇತುವೆಯ ಕಾಲು ಎಲ್ಲಕ್ಕೂ ಇದೇ. ಐದಾರು ಮರ ದಾಟಿದ ಮೇಲೆ ಅಂತರ ಕೆಲವೇ ಮಿ.ಮೀ.ಗೆ ಇಳಿಯುತ್ತದೆ, ಪೆನ್ಸಿಲ್ ಗೆರೆಯ ದಪ್ಪವೂ ಲೆಕ್ಕ ತಪ್ಪಿಸುತ್ತದೆ. ಅಲ್ಲಿಂದಾಚೆ ಒಂದೊಂದೇ ಮರ ಬರೆಯಬೇಡಿ, ಕಡುಹಸಿರ ನೆರಳು ಸಾಕು.

ಹಂಚಿನ ಮಾಡು

ತ್ರಿಕೋನದ ಗೋಡೆ ನಿಮ್ಮೆದುರಿಗಿದ್ದರೆ, ಗೋಡೆಯ ಆಯತಕ್ಕೆ ಎರಡು ಕರ್ಣ ಹಾಕಿ. ಅವು ಕೂಡುವಲ್ಲಿಂದ ನೆಟ್ಟಗೆ ಮೇಲೆ ಹೋದರೆ ಮಾಡಿನ ನೆತ್ತಿ ಎಲ್ಲಿ ಬರಬೇಕೆಂದು ಸಿಗುತ್ತದೆ. ನೆತ್ತಿಯ ಗೆರೆ ವಿಪಿಗೆ. ಹಿಂದಿನ ಇಳಿಜಾರು ಎದುರಿನ ಇಳಿಜಾರಿಗೆ ಸಮಾನಾಂತರವಾಗಿರಲೇಬೇಕು, ಇಲ್ಲದಿದ್ದರೆ ಆಳ ತಪ್ಪಿದೆ. ಹಂಚನ್ನು ಒಂದೊಂದಾಗಿ ಬರೆಯುವ ಹಟ ಬೇಡ. ಎದುರಿನ ಎರಡು ಸಾಲು ಬಿಡಿಸಿ, ಮಿಕ್ಕದ್ದಕ್ಕೆ ಅಲ್ಲಲ್ಲಿ ಗೆರೆ ಹಾಕಿ.

ಏರುಬೀದಿ ಎಂಬ ತಲೆನೋವು

ಸಮತಟ್ಟಾದ ನೇರ ರಸ್ತೆ ಬೇಕಿದ್ದರೆ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಇರುವ ಮರವಂತೆಗೆ ಹೋಗಬೇಕು. ಮಂಗಳೂರು ಪೇಟೆಯಲ್ಲಿ ಬಾವುಟಗುಡ್ಡೆಯ ಏರು, ಕದ್ರಿಯ ಏರು ಎಂದು ದಾರಿಗಳೆಲ್ಲ ಹತ್ತಿ ಇಳಿಯುತ್ತವೆ. ಇಲ್ಲಿ ರಸ್ತೆಯ ಅಂಚನ್ನು ದಿಗಂತದ ವಿಪಿಗೆ ಸೇರಿಸಿದಿರೋ, ಎಷ್ಟೇ ನೆರಳು ಕೊಟ್ಟರೂ ಏರು ಕಾಣುವುದಿಲ್ಲ.

ನೇರ ಎದುರಿಗೆ ಏರುವ ರಸ್ತೆಗೆ ತನ್ನದೇ ವಿಪಿ ಇರುತ್ತದೆ. ಅದು ಮೂಲ ವಿಪಿಯ ನೆಟ್ಟಗೆ ಮೇಲೆ. ಎಷ್ಟು ಮೇಲೆ ಎಂಬುದಕ್ಕೂ ಡಿಪಿಯೇ ಉತ್ತರ: 10 ಅಡಿ ಹೋದಾಗ 1 ಅಡಿ ಏರುವ ರಸ್ತೆಯಾದರೆ 24 ಸೆಂ.ಮೀ.ನ ಹತ್ತನೇ ಒಂದು, ಅಂದರೆ 2.4 ಸೆಂ.ಮೀ. ಇಳಿಯುವ ರಸ್ತೆಗೆ ಅಷ್ಟೇ ಕೆಳಗೆ. ರಸ್ತೆ ಅಂಚು, ಚರಂಡಿ, ಅದರ ಜೊತೆಗೇ ಏರುವ ಕಾಂಪೌಂಡ್ ತಲೆ ಇವು ಮಾತ್ರ ಈ ಹೊಸ ಬಿಂದುವಿಗೆ. ಅಂಗಡಿಯ ಬೋರ್ಡು, ಕಿಟಕಿ, ಸಜ್ಜಾ, ಮೆಟ್ಟಿಲು ಮಟ್ಟಸವಾಗಿಯೇ ಕಟ್ಟಿರುವುದರಿಂದ ಅವು ದಿಗಂತದ ಹಳೆಯ ವಿಪಿಗೇ ಹೋಗುತ್ತವೆ. ಮೇಲೇರುವ ದಾರಿಯಲ್ಲಿ ಕಟ್ಟಡದ ಬುಡವನ್ನು ರಸ್ತೆ ನುಂಗುತ್ತಾ ಹೋಗುವುದು, ಒಂದು ಕಡೆ ನಾಲ್ಕು ಮೆಟ್ಟಿಲಿದ್ದ ಜಗಲಿ ಇನ್ನೊಂದು ತುದಿಯಲ್ಲಿ ರಸ್ತೆಗೆ ಸಮವಾಗುವುದು, ಎಲ್ಲ ಈ ಎರಡು ಬಿಂದುಗಳ ನಡುವಿನ ಜಗ್ಗಾಟ. ಜನರ ಕಣ್ಣು ದಿಗಂತದಲ್ಲಿ ಎಂಬ ನಿಯಮವೂ ಇಲ್ಲಿ ನಡೆಯುವುದಿಲ್ಲ. ಮೇಲೆ ಹೋದವರ ತಲೆ ದಿಗಂತ ದಾಟಿ ಏರುತ್ತದೆ.

ಮೊಬೈಲ್ ಫೋಟೊ ನೋಡಿ ಬರೆಯುವುದಾದರೆ

ತಪ್ಪೇನಿಲ್ಲ, ಆದರೆ ಫೋಟೊ ತೆಗೆಯುವಾಗಲೇ ಮೂರು ಎಚ್ಚರ ಬೇಕು. ಮೊಬೈಲನ್ನು ಎದೆಯೆತ್ತರದಲ್ಲಿ ಹಿಡಿದರೆ ದಿಗಂತವೂ ಎದೆಗೆ ಇಳಿಯುತ್ತದೆ, ಆಮೇಲೆ ನಿಂತು ನೋಡಿದ ನೆನಪಿನಿಂದ ಜನರನ್ನು ಸೇರಿಸಿದರೆ ಹೊಂದುವುದಿಲ್ಲ. ಗೋಪುರ ಪೂರ್ತಿ ಬರಲೆಂದು ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ನೆಟ್ಟಗಿನ ಗೋಡೆಗಳು ಮೇಲೆ ಒಂದನ್ನೊಂದು ಕೂಡಲು ಹೊರಡುತ್ತವೆ. ಒನ್ ಪಾಯಿಂಟ್ ಚಿತ್ರದಲ್ಲಿ ನೆಟ್ಟಗೆರೆ ನೆಟ್ಟಗೇ ಇರಬೇಕು. ಕ್ಯಾಮೆರಾದ 0.5 ಲೆನ್ಸ್ ಬೇಡವೇ ಬೇಡ, ಅಂಚಿನ ಕಂಬಗಳು ಚಾಚಿ ದಪ್ಪಗಾಗುತ್ತವೆ. ಹಿಂದೆ ನಡೆಯಲು ಜಾಗವಿದ್ದರೆ ನಾಲ್ಕು ಹೆಜ್ಜೆ ಹಿಂದೆ ಹೋಗಿ.

ಪ್ರಿಂಟ್ ಹಾಕಿಸಿಕೊಂಡು ಅದರ ಮೇಲೆ ಕೆಂಪು ಪೆನ್ನಿನಲ್ಲಿ ನೆಲದ ಎರಡು ಅಂಚು, ಮುಚ್ಚಿಗೆಯ ಎರಡು ಅಂಚು ಮುಂದುವರಿಸಿ. ನಾಲ್ಕೂ ಒಂದೇ ಕಡೆ ಕೂಡಿದರೆ ಅದು ವಿಪಿ, ಅದರ ಮೂಲಕ ಅಡ್ಡ ಗೆರೆ ಎಳೆದರೆ ದಿಗಂತ. ಮೂರು ಕೂಡಿ ನಾಲ್ಕನೆಯದು ಬೇರೆಡೆ ಹೋದರೆ ಗಾಬರಿ ಬೇಡ. ಹಳೆಯ ಮನೆಯಾದರೆ ಆ ಗೋಡೆಯೇ ಸೊಟ್ಟಗಿರಬಹುದು. ಚಿತ್ರದಲ್ಲಿ ಅದನ್ನು ಸೊಟ್ಟಗೇ ಬಿಡಿ.